ಕೋಡಿಯ ಬಿಸಿಲು, ಕೂಲಿಂಗ್ ಗ್ಲಾಸು

ನಮ್ಮ ಹೆಜಮಾಡಿಯಲ್ಲಿ ಕೂಲಿಂಗ್ ಗ್ಲಾಸು ಹಾಕಿಕೊಂಡು ಮನೆಯಿಂದ ಹೊರಬೀಳಲು ಸ್ವಲ್ಪ ಗುಂಡಿಗೆ ಬೇಕು. ಗೇಟಿನ ಚಿಲಕ ಹಾಕುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಾವಿಕಟ್ಟೆಯಿಂದಲೇ ಕೇಳುತ್ತಾರೆ: "ಆಪರೇಶನ್ ಯಾವಾಗ ಆಯ್ತು ಮಾಷ್ಟ್ರೇ? ನಮ್ಗೆ ಹೇಳ್ಲೇ ಇಲ್ಲ!" ಆಪರೇಶನ್ ಆಗಿಲ್ಲ ಎಂದು ಅವರನ್ನು ಸಮಾಧಾನಪಡಿಸಿ ಅಂಗಡಿಯ ತನಕ ಹೋದರೆ, ಅಂಗಡಿಯವರು ತಕ್ಕಡಿಯ ಹಿಂದಕ್ಕೆ ಸರಿಯುತ್ತಾರೆ: "ಕೆಂಗಣ್ಣಾ? ಮನೆಯಲ್ಲಿ ಮಕ್ಕಳಿದ್ದಾರೆ ಮಾರಾಯ್ರೇ, ಅಲ್ಲಿಂದಲೇ ಹೇಳಿ, ಎಂತ ಬೇಕು?" ಅದನ್ನೂ ದಾಟಿ ಕೋಡಿಯ ರಸ್ತೆ ಹಿಡಿದರೆ ಬೈಕಿನ ಮೇಲಿನ ಮೂವರು ಹುಡುಗರು ಹಾರ್ನ್ ಹೊಡೆದು "ರಜನೀಕಾಂತ್!" ಎಂದು ಕೂಗಿ ಮಾಯವಾಗುತ್ತಾರೆ. ಆ ಮೂವರಲ್ಲಿ ಇಬ್ಬರಾದರೂ ನನ್ನ ಹಳೆಯ ವಿದ್ಯಾರ್ಥಿಗಳು.

ಅಂದರೆ ನಮ್ಮೂರಿನ ಲೆಕ್ಕದಲ್ಲಿ ಕಪ್ಪು ಕನ್ನಡಕಕ್ಕೆ ಮೂರೇ ಕಾರಣ: ಕಣ್ಣಿನ ಪೊರೆ, ಕೆಂಗಣ್ಣು, ಸಿನಿಮಾ. ಇವುಗಳ ಜೊತೆಗೆ ಮೀನು ಹಿಡಿಯುವುದು ಎಂಬ ನಾಲ್ಕನೆಯ ಕಾರಣವೊಂದನ್ನು ಊರಿಗೆ ಒಪ್ಪಿಸಲು ನಾನು ಮೂರು ವರ್ಷದಿಂದ ಹೆಣಗುತ್ತಿದ್ದೇನೆ. ಮೀನು ಹಿಡಿಯುವುದೇ ಕಸುಬಾದ ಊರಿನಲ್ಲಿ, ಗಾಳಕ್ಕೆ ವಾರಕ್ಕೆ ಎರಡು ಕಾಣೆ ಮೀನು ಸಿಕ್ಕಿದರೆ ದೊಡ್ಡದೆನ್ನುವ ನಿವೃತ್ತ ಉಪನ್ಯಾಸಕನೊಬ್ಬ ಈ ವಾದ ಹೂಡುವುದು ಸ್ವಲ್ಪ ಹೆಚ್ಚೇ ಆಯಿತು ಎಂಬುದು ನನಗೂ ಗೊತ್ತು.

ಕೋಡಿಯನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಹೆಜಮಾಡಿ ಎಂದರೆ ಟೋಲ್‌ಗೇಟು, ಅಷ್ಟೆ. ಮೂಲ್ಕಿ ಕಳೆದು ಶಾಂಭವಿ ಹೊಳೆಯ ಸೇತುವೆ ದಾಟಿದರೆ ಜಿಲ್ಲೆ ಬದಲಾಗುತ್ತದೆ. ದಕ್ಷಿಣ ಕನ್ನಡ ಮುಗಿದು ಉಡುಪಿ ಶುರು. ಆ ಹೊಳೆ ಸೀದಾ ಕಡಲಿಗೆ ಬೀಳುವುದಿಲ್ಲ. ದಡದ ಪಕ್ಕದಲ್ಲೇ ತೆಂಕಣಕ್ಕೆ ತಿರುಗಿ, ಆ ಕಡೆಯಿಂದ ಬರುವ ನಂದಿನಿಯನ್ನು ಕೂಡಿಕೊಂಡು, ಸಸಿಹಿತ್ಲಿನ ಎದುರಿಗೆ ಕಡಲು ಸೇರುತ್ತದೆ. ಹಾಗಾಗಿ ಹೊಳೆಗೂ ಕಡಲಿಗೂ ನಡುವೆ ತೆಂಗಿನ ಮರ, ಮರಳು, ಮನೆ, ಭಜನಾ ಮಂದಿರಗಳನ್ನು ಹೊತ್ತ ಒಂದು ಪಟ್ಟಿ ಉಳಿದಿದೆ. ಅದೇ ಹೆಜಮಾಡಿ ಕೋಡಿ. ಬಹಳ ಕಾಲ ಇಲ್ಲಿಯವರ ದೊಡ್ಡ ಬೋಟುಗಳು ಮಲ್ಪೆಯಲ್ಲೋ ಮಂಗಳೂರಿನಲ್ಲೋ ನಿಲ್ಲುತ್ತಿದ್ದವು. ನಮಗೂ ಒಂದು ಬಂದರು ಬೇಕು ಎಂದು ಕೇಳಿ ಕೇಳಿ ಒಂದು ತಲೆಮಾರು ಮುದುಕಾಯಿತು.

ಈ ಪಟ್ಟಿಯ ಮೇಲೆ ನಿಂತವನಿಗೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ದಿಕ್ಕೇ ಇಲ್ಲ. ಬೆಳಿಗ್ಗೆ ಹೊಳೆಯ ಕಡೆ ಗಾಳ ಹಾಕಿದರೆ ಸೂರ್ಯ ಕಾರ್ಕಳದ ಗುಡ್ಡಗಳ ಮೇಲಿಂದ ಎದ್ದು ಹೊಳೆಯ ನೀರಿನ ಮೇಲೆ ಕಾದ ತಗಡು ಹಾಸುತ್ತಾನೆ. ಸಂಜೆ ಕಡಲಿನ ಕಡೆ ತಿರುಗಿದರೆ ಅವನೇ ನಮಗಿಂತ ಮೊದಲು ಅಲ್ಲಿಗೆ ಹೋಗಿ ಕೂತಿರುತ್ತಾನೆ. ನಡು ಮಧ್ಯಾಹ್ನ ಯಾವ ಕಡೆಗೂ ವಾಲದೆ ನೆತ್ತಿಯ ಮೇಲೇ ಇರುತ್ತಾನೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 25ರ ಆಸುಪಾಸು ಒಮ್ಮೆ ಮತ್ತು ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ, ನಮ್ಮ ನೆರಳು ಪೂರ್ತಿ ನಮ್ಮ ಕಾಲ ಕೆಳಗೇ ಅಡಗುತ್ತದೆ. ಆಗಸ್ಟಿನದ್ದು ಮೋಡದಲ್ಲಿ ಕಳೆದುಹೋಗುತ್ತದೆ. ಏಪ್ರಿಲಿನದ್ದನ್ನು ಒಮ್ಮೆ ಕೋಡಿಯ ಮರಳಿನ ಮೇಲೆ ನಿಂತು ನೋಡಿದ್ದೇನೆ. ಇನ್ನೊಮ್ಮೆ ನೋಡುವ ಆಸೆ ಇಲ್ಲ.

ಇಷ್ಟಾದರೂ ನಾನು ಕನ್ನಡಕದ ವಿಚಾರಕ್ಕೆ ಬಂದದ್ದು ಮೀನಿನ ದೆಸೆಯಿಂದಲ್ಲ, ಮಾಂಸದ ದೆಸೆಯಿಂದ. ಬಲಗಣ್ಣಿನಲ್ಲಿ ಮೂಗಿನ ಕಡೆಯ ಮೂಲೆಯಲ್ಲಿ ಏನೋ ಕಸ ಸಿಕ್ಕಿದ ಹಾಗೆ ಒಂದು ತಿಂಗಳು ಕಿರಿಕಿರಿ ಆಯಿತು. ಕಣ್ಣಿನ ಡಾಕ್ಟರರು ದೀಪ ಹಾಕಿ ನೋಡಿ, "ಮಾಂಸ ಬೆಳೆದಿದೆ" ಎಂದರು. ನಾನು ಬೆಚ್ಚಿದೆ. ಹೆದರಬೇಡಿ, ಬಿಳಿಗುಡ್ಡೆಯ ಮೇಲಿನ ಪೊರೆ ದಪ್ಪವಾಗಿ ಕರಿಗುಡ್ಡೆಯ ಕಡೆ ಹರಿದು ಬರುತ್ತದೆ, ಅಷ್ಟೆ, ಕಡಲ ಕರೆಯಲ್ಲಿ ಇದು ಸಾಮಾನ್ಯ ಎಂದರು. ಬಿಸಿಲು, ಗಾಳಿ, ಧೂಳು ಇದರ ಕಾರಣಗಳು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವೇ ಮುಖ್ಯ ಆರೋಪಿ. ಮೀನುಗಾರರಿಗೆ ಇದು ಹೆಚ್ಚು. ಅಲೆಯ ಮೇಲೆ ಹಲಗೆ ಹಿಡಿದು ಜಾರುವವರಿಗೂ ಹೆಚ್ಚು ಎಂಬ ಕಾರಣಕ್ಕೆ ಇಂಗ್ಲಿಷಿನಲ್ಲಿ ಇದಕ್ಕೆ ಸರ್ಫರ್ಸ್ ಐ ಎಂಬ ಹೆಸರೂ ಇದೆಯಂತೆ. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಹೊಳೆಬಾಯಿಯ ಆಚೆ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯುತ್ತದೆ. ಈಚೆ ದಡದಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ನನಗೆ, ಹಲಗೆ ಹತ್ತದೆಯೇ, ಅವರ ಕಾಯಿಲೆ ಸಿಕ್ಕಿತ್ತು.

ಟೊಪ್ಪಿ ಹಾಕುತ್ತೇನಲ್ಲ ಎಂದೆ. ಟೊಪ್ಪಿ ಮೇಲಿನ ಬಿಸಿಲಿಗೆ, ಕೆಳಗಿನದಕ್ಕೆ ಎಂತ ಮಾಡ್ತೀರಿ ಎಂದು ಡಾಕ್ಟರರು ಕೇಳಿದರು. ಹೌದು, ಅದೊಂದು ಮರ್ಮ. ನಮ್ಮ ಹಿರಿಯರು ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಗದ್ದೆ ಉತ್ತರು. ಗದ್ದೆಯ ಬಿಸಿಲು ಬರುವುದು ಮೇಲಿನಿಂದ. ಕಡಲ ಕರೆಯ ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತದಲ್ಲಿ ನೂರಕ್ಕೆ 15ರಷ್ಟನ್ನು, ಅಲೆಯ ಬಿಳಿ ನೊರೆ ನೂರಕ್ಕೆ 25ರಷ್ಟನ್ನು ವಾಪಸ್ ಕಳಿಸುತ್ತವೆ. ಮುಟ್ಟಾಳೆ ಇದ್ದವನ ಗಲ್ಲವೂ ಕಪ್ಪಾಗುವುದು ಹೀಗೆ. ಪಕ್ಕದಿಂದ ನುಗ್ಗುವ ಬೆಳಕು ಇನ್ನೂ ಕಿತಾಪತಿಯದು: ಕಿವಿಯ ಕಡೆಯಿಂದ ಓರೆಯಾಗಿ ಬಂದದ್ದನ್ನು ಕಣ್ಣಿನ ಉಬ್ಬು ಬಗ್ಗಿಸಿ ಸರಿಯಾಗಿ ಮೂಗಿನ ಕಡೆಯ ಮೂಲೆಗೆ ಕೂಡಿಸಿ ಬಿಡುತ್ತದೆ. ಮಾಂಸ ಹೆಚ್ಚಾಗಿ ಆ ಮೂಲೆಯಲ್ಲೇ ಹುಟ್ಟುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಅಗಲ ಗ್ಲಾಸಿನ, ಕೆನ್ನೆಗೆ ಒತ್ತಿ ಕೂರುವ ಕೂಲಿಂಗ್ ಗ್ಲಾಸು ತೆಗೆದುಕೊಳ್ಳಿ ಎಂದು ಹೇಳಿ ಡಾಕ್ಟರರು ಗಂಟೆ ಒತ್ತಿದರು.

ಮೊದಲನೆಯದನ್ನು ಜಾತ್ರೆಯಲ್ಲಿ ಕೊಂಡೆ. ನೂರಿಪ್ಪತ್ತು ರೂಪಾಯಿ. ಬಳೆ, ಪೀಪಿ, ಪ್ಲಾಸ್ಟಿಕ್ ಜೆಸಿಬಿಗಳ ನಡುವೆ ಒಂದು ಹಲಗೆಯ ಮೇಲೆ ನೂರಾರು ಕಪ್ಪು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಹಾಕಿಕೊಂಡು ಅಂಗೈ ಅಗಲದ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ತಮಿಳುನಾಡಿನ ಮುಖ್ಯಮಂತ್ರಿಯಾಗಲು ಇನ್ನೊಂದು ಶಾಲು ಮಾತ್ರ ಬೇಕಿತ್ತು. ಕೋಡಿಗೆ ಬಂದು ನೋಡಿದರೆ ಎಲ್ಲವೂ ಸಮನಾಗಿ ಕಪ್ಪು. ಮರಳು ಕಪ್ಪು, ತೆಂಗು ಕಪ್ಪು, ನೀರು ಕಪ್ಪು, ನೀರಿನ ಮೇಲಿನ ಕಣ್ಣು ಕುಕ್ಕುವ ಹೊಳಪು ಮಾತ್ರ ಯಥಾಸ್ಥಿತಿ. ಮಧ್ಯಾಹ್ನ ಮೂರಕ್ಕೇ ಮಗ್ರಿಬ್ ಆದಂತಿತ್ತು. ಆಮೇಲೆ ಓದಿ ತಿಳಿದೆ, ಇಂಥದ್ದು ಬರಿಗಣ್ಣಿಗಿಂತ ಕೇಡು. ಕಪ್ಪು ಕಂಡ ಕಣ್ಣು ಕತ್ತಲಾಯಿತೆಂದು ನಂಬಿ ಪಾಪೆಯ ಬಾಗಿಲನ್ನು ಅಗಲ ತೆರೆಯುತ್ತದೆ. ನೇರಳಾತೀತವನ್ನು ತಡೆಯದ ಗ್ಲಾಸಾದರೆ ಆ ತೆರೆದ ಬಾಗಿಲಿನಿಂದ ಕಳ್ಳನಿಗೆ ಸ್ವಾಗತ. ಗ್ಲಾಸು ಎಷ್ಟು ಕಪ್ಪು ಎಂಬುದಕ್ಕೂ ಅದು ಎಷ್ಟು ಕಾಪಾಡುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಬಿಳಿ ಗ್ಲಾಸಿನಲ್ಲೂ ಆ ತಡೆ ಇರಬಹುದು. ಯುವಿ 400 ಎಂಬ ಚೀಟಿಯ ಅರ್ಥ 400 ನ್ಯಾನೋಮೀಟರಿನ ತನಕದ ನೇರಳಾತೀತವನ್ನು ತಡೆಯುತ್ತದೆ ಎಂದು. ಜಾತ್ರೆಯ ಗ್ಲಾಸಿನ ಮೇಲೂ ಆ ಚೀಟಿ ಇತ್ತು. ಆದರೆ ಅದೇ ಚೀಟಿ ಪಕ್ಕದ ಪ್ಲಾಸ್ಟಿಕ್ ಪೀಪಿಯ ಮೇಲೂ ಅಂಟಿತ್ತು.

ಎರಡನೆಯದು ದುಬೈಯಿಂದ ಬಂತು, ಅಕ್ಕನ ಮಗನ ಕೃಪೆ. ಮೇಲ್ಮೈ ನೀಲಿ ಕನ್ನಡಿ. ಎದುರು ನಿಂತವರು ನನ್ನೊಡನೆ ಮಾತಾಡುತ್ತ ತಮ್ಮ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದರು. ಚಿನ್ನದ ಬಣ್ಣದ ಲೋಹದ ಚೌಕಟ್ಟು. ಉಪ್ಪುಗಾಳಿ ಅದರ ಚಿನ್ನವನ್ನು ನಲವತ್ತೈದು ದಿನದಲ್ಲಿ ಪರೀಕ್ಷಿಸಿ ತಾಮ್ರ ಎಂದು ತೀರ್ಪು ಕೊಟ್ಟಿತು. ಮೂಗಿನ ಮೇಲೆ ಎರಡು ಹಸಿರು ಬೊಟ್ಟು ಬಿದ್ದವು. ಅಳಿಯ ಫೋನಿನಲ್ಲಿ "ಹೇಗುಂಟು ಮಾವ?" ಎಂದು ಕೇಳಿದಾಗಲೆಲ್ಲ "ಫಸ್ಟ್ ಕ್ಲಾಸ್" ಎನ್ನುತ್ತೇನೆ, ಅವನು ಊರಿಗೆ ಬಂದ ದಿನ ತೆಗೆದು ಹಾಕಿಕೊಳ್ಳುತ್ತೇನೆ.

ಆ ಹೊತ್ತಿಗೆ ನನ್ನ ತಲೆಗೆ ಹೊಳೆದ ಸಂಗತಿಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪಿಯು ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಬೆಳಕಿನ ಧ್ರುವೀಕರಣ ಎಂಬ ಪಾಠವನ್ನು ಇಪ್ಪತ್ತೊಂಬತ್ತು ಸಲ ಮಾಡಿದ್ದೇನೆ. (ಆಗ ಆ ಪದ ನಿರಪಾಯವಾಗಿತ್ತು, ಈಗ ಧ್ರುವೀಕರಣ ಎಂದು ಬಾಯಿ ತೆರೆದರೆ ಎದುರಿನವರು ಯಾವ ಕ್ಷೇತ್ರ, ಎಷ್ಟು ಮತ ಎಂದು ಕೇಳುತ್ತಾರೆ.) ನೀರಿನ ಮೇಲಿಂದ ಪುಟಿದ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ, ಸರಿಯಾದ ಕೋನದಲ್ಲಿ ಪೂರ್ತಿ ಅಡ್ಡಡ್ಡವೇ ಕಂಪಿಸುತ್ತದೆ, ನೀರಿಗೆ ಆ ಕೋನ 53 ಡಿಗ್ರಿ, 1815ರಲ್ಲಿ ಬ್ರೂಸ್ಟರ್ ಇದರ ನಿಯಮ ಕಂಡುಕೊಂಡ ಎಂದು ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಮೂರು ಅಂಕದ ಪ್ರಶ್ನೆ ಬರಬಹುದು ಎಂದು ಎಚ್ಚರಿಸಿದ್ದೇನೆ. ಸಂಜೆ ಅದೇ ಕೋಡಿಗೆ ಬಂದು ಅದೇ ಹೊಳಪಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದೇನೆ. ಎರಡಕ್ಕೂ ಸಂಬಂಧ ಉಂಟೆಂದು ಒಂದು ದಿನವೂ ತೋಚಲಿಲ್ಲ.

ತೋಚಿದವರು ಬೇರೆ ಇದ್ದರು. 1921ರ ಸೆಪ್ಟೆಂಬರಿನಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ನಾರ್ಕುಂಡಾ ಎಂಬ ಹಡಗಿನಲ್ಲಿ ಮುಂಬಯಿಗೆ ಬರುತ್ತಿದ್ದರು. ಆಳ ಕಡಲಿನ ನೀಲಿ ನೀರಿನದಲ್ಲ, ಅದು ಆಕಾಶದ ನೀಲಿಯ ಬರೀ ಪ್ರತಿಬಿಂಬ ಎಂದು ಲಾರ್ಡ್ ರ‍್ಯಾಲೆ ಹೇಳಿಬಿಟ್ಟಿದ್ದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಉಳಿದವರು ತಲೆಯಾಡಿಸುವುದು ವಾಡಿಕೆ. ರಾಮನ್ ಜೇಬಿನಲ್ಲಿ ನಿಕೋಲ್ ಪ್ರಿಸಮ್ ಇತ್ತು, ಧ್ರುವೀಕರಿಸುವ ಒಂದು ಹರಳು. ಹಡಗಿನ ಕಟಕಟೆಗೆ ಒರಗಿ, ಸರಿಯಾದ ಕೋನದಲ್ಲಿ ಅದನ್ನು ಕಣ್ಣಿಗೆ ಹಿಡಿದು ತಿರುಗಿಸಿದರು. ಮೇಲಿನ ಹೊಳಪು ಆರಿತು. ಆಕಾಶದ ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ. ಮೊದಲಿಗಿಂತ ಗಾಢವಾಗಿ ನೀರಿನ ಒಳಗಿನಿಂದಲೇ ಬಂತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಬರೆದ ಆ ಟಿಪ್ಪಣಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಬಂತು. ಆ ಚದುರುವಿಕೆಯ ಹಿಂದೆ ಬಿದ್ದು 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮಕ್ಕೆ ತಲುಪಿದರು, 1930ಕ್ಕೆ ನೊಬೆಲ್, ಆಮೇಲೆ ಬೆಂಗಳೂರು. ಮುಂಬಯಿಗೆ ಬರುವ ಹಡಗು ಎಂದ ಮೇಲೆ ಕೊನೆಯ ದಾರಿ ನಮ್ಮ ಅರಬ್ಬಿ ಕಡಲೇ ಆಗಿರಬೇಕು. ಒಟ್ಟಿನಲ್ಲಿ ನೂರು ವರ್ಷದ ಹಿಂದೆ ಒಬ್ಬರು ನಾನು ಈಗ ಅಂಗಡಿಯಲ್ಲಿ ಕೇಳಬೇಕಾದ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ಹಡಗು ಹತ್ತಿದ್ದರು. ಗಾಳ ಮಾತ್ರ ತಂದಿರಲಿಲ್ಲ.

ಆ ವಸ್ತು ಮಾಡುವ ಕೆಲಸ ತುಂಬ ಸರಳ. ತೋಟದಿಂದ ಉದ್ದದ ದೋಟಿಯನ್ನು ಅಡ್ಡ ಹಿಡಿದುಕೊಂಡು ಮನೆಯ ಬಾಗಿಲು ದಾಟಲು ಹೊರಟವನನ್ನು ನೆನೆಸಿಕೊಳ್ಳಿ. ಎರಡೂ ತುದಿ ದಾರಂದಕ್ಕೆ ತಾಗಿ ಆತ ಅಲ್ಲೇ ನಿಲ್ಲುತ್ತಾನೆ. ನೆಟ್ಟಗೆ ಹಿಡಿದವನು ಸಲೀಸಾಗಿ ಒಳಗೆ ಬರುತ್ತಾನೆ. ಪೋಲರೈಸ್ಡ್ ಗ್ಲಾಸು ಅಂಥ ಲಕ್ಷಾಂತರ ಕಿರಿದು ಬಾಗಿಲುಗಳ ಸಾಲು. ನೀರಿನ ಮೇಲ್ಮೈಯಿಂದ ಪುಟಿದ ಅಡ್ಡ ಬೆಳಕು ಹೊರಗೆ ನಿಲ್ಲುತ್ತದೆ. ನೀರಿನ ಒಳಗಿಂದ, ಮೀನಿನ ಬೆನ್ನಿನಿಂದ, ಮರಳಿನ ತಳದಿಂದ ಬಂದ ಬೆಳಕಿನಲ್ಲಿ ನೆಟ್ಟಗಿನ ಪಾಲು ಒಳಗೆ ಬರುತ್ತದೆ. ಜಾತ್ರೆಯ ಗ್ಲಾಸು ಮೀನಿಗೂ ಹೊಳಪಿಗೂ ಒಂದೇ ತೆರಿಗೆ ಹಾಕುತ್ತಿತ್ತು. ಇದು ಮನುಷ್ಯ ನೋಡಿ ಮಣೆ ಹಾಕುತ್ತದೆ.

ಮೂರನೆಯ ಕನ್ನಡಕಕ್ಕೆ ಉಡುಪಿಗೆ ಹೋದೆ. ಅಂಗಡಿಯ ಹುಡುಗ ಒಳ್ಳೆಯವನು, ಆದರೆ ಅವನ ಪ್ರಕಾರ ಅಂಗಡಿಯಲ್ಲಿದ್ದದ್ದೆಲ್ಲ ಪೋಲರಾಯ್ಡ್. "ಇದೂ ಪೋಲರಾಯ್ಡೇ ಸರ್, ಅದೂ ಪೋಲರಾಯ್ಡೇ." ನಾನು ನನ್ನ ಮೊಬೈಲು ತೆಗೆದು, ಪರದೆ ಬೆಳಗಿಸಿ, ಒಂದೊಂದೇ ಗ್ಲಾಸಿನ ಹಿಂದೆ ಹಿಡಿದು ನಿಧಾನವಾಗಿ ತಿರುಗಿಸಿದೆ. ಪರದೆಯ ಬೆಳಕು ಮೊದಲೇ ಧ್ರುವೀಕರಣಗೊಂಡದ್ದು. ಗ್ಲಾಸು ನಿಜವಾಗಿ ಪೋಲರೈಸ್ಡ್ ಆಗಿದ್ದರೆ ಯಾವುದಾದರೂ ಒಂದು ಓರೆಯಲ್ಲಿ ಪರದೆ ಕಪ್ಪಾಗಲೇಬೇಕು. ಏಳು ಗ್ಲಾಸಿನಲ್ಲಿ ಎರಡು ಪಾಸಾದವು. ಆ ಎರಡನ್ನು ಒಂದರ ಹಿಂದೆ ಒಂದು ಹಿಡಿದು ಒಂದನ್ನು ಅಡ್ಡ ತಿರುಗಿಸಿದೆ. ಎರಡೂ ಸೇರಿ ಕಾಡಿಗೆಯಂತೆ ಕಪ್ಪಾದವು. ಹುಡುಗ ಕೌಂಟರಿನ ಆಚೆಯಿಂದ ಎದ್ದು ಬಂದು ತಾನೂ ತಿರುಗಿಸಿ ನೋಡಿದ, ಆಮೇಲೆ ಒಳಗಿದ್ದ ಇನ್ನಿಬ್ಬರನ್ನು ಕರೆದ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಪಾಠಕ್ಕೆ ಮಕ್ಕಳು ಹೀಗೆ ಬಾಯಿ ತೆರೆದದ್ದು ಕಾಣೆ. ಒಂದು ದಿನವಾದರೂ ಎರಡು ಕನ್ನಡಕ ಹಿಡಿದುಕೊಂಡು ತರಗತಿಗೆ ಹೋಗಬಹುದಿತ್ತು.

ಉಳಿದದ್ದು ಬಣ್ಣದ ಪ್ರಶ್ನೆ. ಬೂದು ಬಣ್ಣದ್ದು ಲೋಕವನ್ನು ಇದ್ದ ಬಣ್ಣದಲ್ಲೇ ತೋರಿಸುತ್ತದೆ, ಬೆಳಕನ್ನು ಮಾತ್ರ ಇಳಿಸುತ್ತದೆ. ಬೋಟಿನಲ್ಲಿ ಆಳಕ್ಕೆ ಹೋಗುವವರಿಗೆ, ದಿನವಿಡೀ ತೆರೆದ ನೀಲಿಯಲ್ಲಿರುವವರಿಗೆ ಅದು ಒಳ್ಳೆಯದು. ಕಂದು ಬಣ್ಣದ್ದು ನೀಲಿ ಬೆಳಕನ್ನು ಹೆಚ್ಚು ಕಡಿತ ಮಾಡುವುದರಿಂದ ಮರಳಿನ ಮೇಲಿನ ನೆರಳು, ತಳದ ಏರುತಗ್ಗು ಎದ್ದು ಕಾಣುತ್ತದೆ. ಮೊಣಕಾಲುದ್ದ ನೀರಿನ ನನ್ನಂಥವರಿಗೆ ಅದೇ ಸರಿ. ಹಳದಿ ಮುಂಜಾವಿಗೆ, ಮೋಡಕ್ಕೆ. ನೀಲಿ ಕನ್ನಡಿ ಅಳಿಯನಿಗೆ. ಗ್ಲಾಸಿನ ಗಾಢತೆಗೆ 0ಯಿಂದ 4ರ ತನಕ ವರ್ಗಗಳಿವೆ. ಕಡು ಬಿಸಿಲಿಗೆ 3 ಸಾಕು, 4ನ್ನು ಹಾಕಿ ಗಾಡಿ ಓಡಿಸಬಾರದು. ನಾನು 3ರದ್ದು, ಕಂದು, ಪ್ಲಾಸ್ಟಿಕ್ ಚೌಕಟ್ಟು, ಕೆನ್ನೆಗೆ ಒತ್ತಿ ಕೂರುವಂಥದ್ದು ತೆಗೆದುಕೊಂಡೆ. ಎರಡು ಸಾವಿರದ ನಾನ್ನೂರು ರೂಪಾಯಿ. ಮನೆಯಲ್ಲಿ ನಾನ್ನೂರು ಎಂದು ಹೇಳಿದೆ. ಎರಡು ಸಾವಿರವನ್ನು ಬಾಗಿಲ ಹೊರಗೇ ಅಡ್ಡ ಹಿಡಿದು ನಿಲ್ಲಿಸಿದ್ದಾಯಿತು.

ಮಾರ್ಚ್ ತಿಂಗಳು, ಭರತದ ಹೊತ್ತು. ಕಡಲ ನೀರು ಹೊಳೆಬಾಯಿಯಿಂದ ಒಳಗೇರುವಾಗ ಶಾಂಭವಿ ತಿಳಿಯಾಗಿರುತ್ತಾಳೆ. ಸೂರ್ಯ ದಿಗಂತದಿಂದ 37 ಡಿಗ್ರಿ ಎತ್ತರದಲ್ಲಿ, ಅಂದರೆ ನೆತ್ತಿಯಿಂದ ಆ 53 ಡಿಗ್ರಿ ಕೆಳಗೆ ಇರುವಾಗ ಎದುರಿನ ಹೊಳಪು ಪೂರ್ತಿ ಅಡ್ಡಡ್ಡವಾಗಿರುತ್ತದೆ. ಮಾರ್ಚಿನಲ್ಲಿ ನಮ್ಮಲ್ಲಿ ಅದು ಬೆಳಿಗ್ಗೆ ಒಂಬತ್ತರ ಹೊತ್ತು ಮತ್ತು ಸಂಜೆ ನಾಲ್ಕರ ಹೊತ್ತು, ಅಂದರೆ ತಿಂಡಿ ಮತ್ತು ಚಹಾ. ಬ್ರೂಸ್ಟರನಿಗೆ ನಮ್ಮ ಕಡೆಯ ಪದ್ಧತಿ ಗೊತ್ತಿತ್ತು. ಒಂಬತ್ತಕ್ಕೆ ಹೊಳೆಯ ಕಡೆ ನಿಂತು ಗ್ಲಾಸು ಮೂಗಿಗೇರಿಸಿದೆ. ಯಾರೋ ನೀರಿನ ಮೇಲಿಂದ ತಗಡು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನನ್ನ ಎರಡು ಪಾದ, ಪಾದದ ಬಳಿ ಒಂದು ಡೆಂಜಿ (ಏಡಿ), ಅದರಾಚೆ ಮರಳಿನ ಗೆರೆಗಳು, ಗೆರೆಗಳ ಮೇಲೆ ಮರಳಿನದೇ ಬಣ್ಣದ ಏಳೆಂಟು ಕಾಣೆಗಳು! ಮೀನಿಗೆ ಕಾಣೆ ಎಂದು ಹೆಸರಿಟ್ಟ ಪುಣ್ಯಾತ್ಮನ ಹತ್ತಿರ ಈ ಗ್ಲಾಸು ಇರಲಿಲ್ಲ ಎಂದು ಅನ್ನಿಸಿತು. ನಾನು ಇಷ್ಟು ವರ್ಷ ಗಾಳಕ್ಕೆ ಎಟ್ಟಿ (ಸಿಗಡಿ) ಸಿಕ್ಕಿಸಿ ಎಸೆಯುತ್ತಿದ್ದ ಜಾಗ ಅವುಗಳಿಂದ ಹದಿನೈದು ಅಡಿ ದೂರವಿತ್ತು.

ಹೊಸತನ್ನು ಹಂಚಿಕೊಳ್ಳದಿದ್ದರೆ ಜೀವ ಕೇಳುವುದಿಲ್ಲ. ದಡದ ಮೇಲೆ ನೆರೆಮನೆಯ ತಂಡೇಲರು ಬಲೆ ರಿಪೇರಿ ಮಾಡುತ್ತ ಕೂತಿದ್ದರು. ಮಲ್ಪೆಯ ಬೋಟುಗಳಲ್ಲಿ ನಲವತ್ತು ವರ್ಷ ದುಡಿದವರು, ಕಣ್ಣಿನ ಸುತ್ತ ಬಲೆಯ ಕಣ್ಣುಗಳಷ್ಟೇ ಗೆರೆ. ಬೂತಾಯಿ ಹಿಂಡು ಎಲ್ಲಿದೆ ಎಂದು ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದನ್ನು ನೋಡಿ ದಡದಿಂದಲೇ ಕೈ ತೋರಿಸುತ್ತಿದ್ದ ರಂಪಣಿ ಬಲೆಯ ಕಾಲದವರ ಮಗ. ಗ್ಲಾಸನ್ನು ಅವರ ಮೂಗಿಗಿಟ್ಟು "ತೋಜುಂಡಾ? ಕಾಣ್ತದಾ?" ಎಂದೆ. ಅವರು ನೀರನ್ನು ನೋಡಿದರು, ಗ್ಲಾಸನ್ನು ಎತ್ತಿ ನೋಡಿದರು, ಇಳಿಸಿ ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ವಾಪಸ್ ಕೊಡುತ್ತ, "ಮೀನು ನಿಮಗೆ ಕಾಣ್ತದೆ ಮಾಷ್ಟ್ರೇ, ಸರಿ. ನೀವೂ ಮೀನಿಗೆ ಕಾಣ್ತೀರಲ್ಲ, ಅದಕ್ಕೆ ಎಂತ ಮಾಡಿದ್ರಿ?" ಎಂದರು.

ನಾನು ನನ್ನ ಅಂಗಿ ನೋಡಿಕೊಂಡೆ. ಪೇಟೆಯಲ್ಲಿ ಕೊಂಡ ಅಚ್ಚ ಬಿಳಿ ಟೀಶರ್ಟು, ಮೊಣಕಾಲುದ್ದ ನೀರಿನಲ್ಲಿ ದೀಪಸ್ತಂಭದ ಹಾಗೆ. ನೀರಿನ ಒಳಗಿಂದ ಮೇಲೆ ನೋಡುವ ಮೀನಿಗೆ ನಮ್ಮ ಇಡೀ ಲೋಕ, ದಿಗಂತದಿಂದ ದಿಗಂತದ ತನಕ, ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯೊಳಗೆ ಮಡಚಿ ಕಾಣುತ್ತದೆ. ಅದನ್ನೂ ಪಾಠ ಮಾಡಿದ್ದೆ. ಆ ಕಿಟಕಿಯ ಅಂಚಿನಲ್ಲಿ ಒಂದು ಬಿಳಿ ಟೀಶರ್ಟು ಬಗ್ಗಿ ಬಗ್ಗಿ ನೋಡುತ್ತಿದ್ದರೆ ಯಾವ ಕಾಣೆ ಎಟ್ಟಿಗೆ ಬಾಯಿ ಹಾಕೀತು? ಮರುದಿನದಿಂದ ಮಣ್ಣಿನ ಬಣ್ಣದ ಹಳೆ ಅಂಗಿ.

ಇದಿಷ್ಟೇ ಅಲ್ಲ, ಈ ಗ್ಲಾಸಿಗೆ ಇನ್ನೂ ಕೆಲವು ಚಾಳಿಗಳಿವೆ. ತಲೆ ವಾಲಿಸಿದರೆ ಬಾಗಿಲುಗಳೂ ವಾಲಿ ಹೊಳಪು ಮತ್ತೆ ಒಳಗೆ ನುಗ್ಗುತ್ತದೆ. ಆದ್ದರಿಂದ ಇದನ್ನು ಹಾಕಿದವನು ಯಕ್ಷಗಾನದ ರಾಜವೇಷದ ಹಾಗೆ ಕುತ್ತಿಗೆ ನೆಟ್ಟಗಿಟ್ಟು ನಡೆಯಬೇಕು. ಸೂರ್ಯ ಮುಳುಗುವ ಹೊತ್ತಿಗೆ ಕೋನ ತಪ್ಪಿ ಅದರ ಪ್ರತಾಪ ಇಳಿಯುತ್ತದೆ. ಸೆಖೆಗೆ ಬೆವರಿದ ಮುಖದಿಂದ ಜಾರುತ್ತದೆ. ಬೈರಾಸಿನಲ್ಲಿ ಒರೆಸಿದರೆ ಬೈರಾಸಿನ ಮರಳು ಗ್ಲಾಸಿನ ಮೇಲೆ ಸಹಿ ಹಾಕುತ್ತದೆ. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಒಂದು ಸಲ ಇದನ್ನು ಹಾಕಿಕೊಂಡೇ ಮೀನು ಕೊಳ್ಳಲು ಹೋದೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅಂಕಿಯೇ ಇಲ್ಲ, ಪೂರ್ತಿ ಕಪ್ಪು! "ಎಷ್ಟಿದೆ ಎಂದೇ ಕಾಣುವುದಿಲ್ಲವಲ್ಲ" ಎಂದೆ. "ನಂಗೆ ಕಾಣ್ತದೆ, ನೀವು ದುಡ್ಡು ಕೊಡಿ" ಎಂದರು ಮೀನಿನ ಅಕ್ಕ. ಇನ್ನೊಂದು: ಮೀನು ನಿಜವಾಗಿ ಕಂಡಲ್ಲಿ ಇರುವುದಿಲ್ಲ. ನೀರು ಬೆಳಕನ್ನು ಬಗ್ಗಿಸುವುದರಿಂದ ನಾಲ್ಕು ಅಡಿ ಆಳದ್ದು ಮೂರೇ ಅಡಿಯಲ್ಲಿದ್ದಂತೆ ತೋರುತ್ತದೆ. ಆ ಮೋಸಕ್ಕೆ ಎರಡು ಸಾವಿರದ ನಾನ್ನೂರರ ಗ್ಲಾಸಿನಲ್ಲಿ ಮದ್ದಿಲ್ಲ. ಕಂಡದ್ದಕ್ಕಿಂತ ಕೆಳಗೆ ಗುರಿಯಿಡಬೇಕು ಎಂದು ಕೋಡಿಯ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು.

ತಂಡೇಲರಿಗೆ ಒಂದು ದಿನ ಬೊಂಡಾಸಿನ ಕತೆ ಹೇಳಿದೆ. ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಇವುಗಳ ಕಣ್ಣಿಗೆ ಬೆಳಕಿನ ಧ್ರುವೀಕರಣ ಹುಟ್ಟುವಾಗಲೇ ಕಾಣುತ್ತದೆ. ಬಣ್ಣ ಕಾಣದ ಕಪ್ಪೆ ಬೊಂಡಾಸು ನೀರಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಬೇಟೆಯನ್ನೂ ಈ ಕಣ್ಣಿನಿಂದ ಗುರುತಿಸಬಲ್ಲದು. ಪುಕ್ಕಟೆ ಪೋಲರಾಯ್ಡ್. ಇನ್ನು ಬೂತಾಯಿಯ ಬಳಗ ಅದಕ್ಕಿಂತ ಜಾಣ. ನೀರಾಗಲಿ ಗಾಜಾಗಲಿ, ಹೊಳೆಯುವ ವಸ್ತುವಿನಿಂದ ಓರೆಯಾಗಿ ಪುಟಿದ ಬೆಳಕು ಧ್ರುವೀಕರಣಗೊಳ್ಳುವುದು ನಿಯಮ. ಆದರೆ ಯುರೋಪಿನ ಸಾರ್ಡೀನ್, ಹೆರಿಂಗ್ ಮೀನುಗಳ ಬೆಳ್ಳಿ ಚರ್ಮದಲ್ಲಿ ಎರಡು ಬಗೆಯ ಹರಳುಗಳು ಬೆರೆತು ಆ ನಿಯಮವನ್ನು ತಪ್ಪಿಸುತ್ತವೆ, ಎಲ್ಲ ಕೋನದಲ್ಲೂ ಹೊಳಪು ಒಂದೇ ಸಮ ಇರುತ್ತದೆ ಎಂದು 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಬ್ರೂಸ್ಟರನ ಕಣ್ಣಿಗೇ ಮಣ್ಣೆರಚುವ ಮೀನು. ತಂಡೇಲರು ಎಲ್ಲವನ್ನೂ ಕೇಳಿ, ಬಲೆಯ ದಾರವನ್ನು ಹಲ್ಲಿನಲ್ಲಿ ತುಂಡರಿಸಿ, "ಅಷ್ಟೆಲ್ಲ ಉಷಾರಿದ್ದೂ ನೂರು ರೂಪಾಯಿಗೆ ಬುಟ್ಟಿಗಟ್ಟಲೆ ಹೋಗ್ತದಲ್ಲ ಮಾಷ್ಟ್ರೇ ಒಂದೊಂದ್ಸಲ, ಪಾಪ" ಎಂದರು.

ಕಳೆದ ತಿಂಗಳು ಅದು ನಡೆಯಿತು. ಹೊಳೆಯ ಕಡೆ, ತೊಡೆಯುದ್ದ ನೀರಿನಲ್ಲಿ, ಬಗ್ಗಿ ಗಾಳದ ದಾರ ಬಿಡಿಸುತ್ತಿದ್ದೆ. ಬೆವರು, ಜಾರು ಮೂಗು, ಒಂದು ಸಣ್ಣ ಬುಳುಕ್. ನನ್ನ ಮೂಗು ಹಗುರಾಯಿತು. ನೀರಿನ ಮೇಲೆ ತಗಡು ಮತ್ತೆ ಹಾಸಿಕೊಂಡಿತು.

ಬಗ್ಗಿ ನೋಡಿದೆ. ಹೊಳಪು ಬಿಟ್ಟು ಏನೂ ಕಾಣಲಿಲ್ಲ. ಆ ಹೊಳಪಿನ ಕೆಳಗೆ ಬಿದ್ದ ವಸ್ತುವನ್ನು ನೋಡಲು ಲೋಕದಲ್ಲಿ ಒಂದೇ ಉಪಾಯವಿತ್ತು, ಅದು ಆ ಹೊಳಪಿನ ಕೆಳಗೇ ಬಿದ್ದಿತ್ತು. ಕೈಯಿಂದ ಕಣ್ಣಿಗೆ ನೆರಳು ಮಾಡಿಕೊಂಡೆ. ಕೊಡೆ ತರೋಣವೆಂದರೆ ಜಾಗ ಬಿಟ್ಟು ಹೋದರೆ ಜಾಗವೇ ಮರೆಯುತ್ತದೆ. ದಡದಿಂದ ತಂಡೇಲರು "ಎಂತ ಮಾಷ್ಟ್ರೇ, ಕಾಣೆಯಾ?" ಎಂದು ಕೂಗಿದರು. ಮೀನನ್ನು ಕೇಳಿದರೋ ಬೇರೇನಾದರೂ ಕಂಡುಕೊಂಡರೋ ಗೊತ್ತಾಗಲಿಲ್ಲ. ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಹೌದೆಂದೆ.

ಇಳಿತ ಶುರುವಾಗಿತ್ತು. ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರು ನಾಲ್ಕೈದು ಮಂದಿ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ನೀರಿಗೆ ಇಳಿದರು. ಅವರು ನೀರನ್ನು ನೋಡುವುದೇ ಇಲ್ಲ. ಒಬ್ಬರಿಗೊಬ್ಬರು ಮುಖ ಮಾಡಿ ಯಾರದೋ ಮದುವೆಯ ಊಟದ ಸಾರಿಗೆ ಉಪ್ಪು ಹೆಚ್ಚಾದ ವಿಚಾರ ಮಾತಾಡುತ್ತ, ಕಾಲ ಬೆರಳಿನಲ್ಲಿ ಕೆಸರನ್ನು ಕೆದಕುತ್ತ, ತಾಗಿದ್ದನ್ನು ಮುಳುಗಿ ಎತ್ತಿ ಬುಟ್ಟಿಗೆ ಹಾಕುತ್ತ ಮುಂದೆ ಬರುತ್ತಾರೆ. ನಾನು ನನ್ನ ಕಷ್ಟ ಹೇಳಿದೆ. ಎಲ್ಲಿ ಬಿತ್ತು ಎಂದು ಕೇಳಿದರು. ಇಲ್ಲೇ ಎಂದೆ. ಎಲ್ಲಿ ಇಲ್ಲೇ ಎಂದರು. ಆಮೇಲೆ ಮದುವೆಯ ಸಾರಿಗೆ ಮರಳಿದರು.

ಅರ್ಧ ಗಂಟೆಯಾಗಿರಬೇಕು. ಮದುವೆಯ ಪಾಯಸಕ್ಕೆ ಬಂದಿದ್ದರು. ಅವರಲ್ಲಿ ಹಿರಿಯರಾದ ಒಬ್ಬ ಅಕ್ಕ ತಟ್ಟನೆ ನಿಂತರು, ಕಾಲಿನಿಂದ ಏನನ್ನೋ ಒತ್ತಿ ಹಿಡಿದರು, ಬಗ್ಗಿ ಎತ್ತಿದರು. ಕೆಸರು ಮೆತ್ತಿದ ಕಂದು ಗ್ಲಾಸು. ತಿರುಗಿಸಿ ನೋಡಿ, ಎರಡೂ ಕಡ್ಡಿಗಳನ್ನು ಮಡಚಿ ಬಿಡಿಸಿ, ನನ್ನ ಕೈಗೆ ಹಾಕುತ್ತ ಹೇಳಿದರು:

"ತಕೊಳ್ಳಿ ಮಾಷ್ಟ್ರೇ. ಇದ್ರಲ್ಲಿ ಮಾಂಸ ಇಲ್ಲ."